ಎರೆಹೊಲದ ಲಾರಿಗೆ ನಾನು ಹಾಕಿದ ಅಡ್ಡ ಬೆಸುಗೆ

ಮುಂಗಾರಿಗೆ ಇನ್ನು ಎರಡು ವಾರ ಇರುವಾಗ ಆ ಲಾರಿ ಹಾವೇರಿಯ ನನ್ನ ಗ್ಯಾರೇಜಿಗೆ ಬಂತು. ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಗಾಡಿ. ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಹೋಗುವಂಥದು. ಮಾಲಕ ಬ್ಯಾಡಗಿಯವನು, ಡ್ರೈವರನೂ ಆತನೇ. ವಿದ್ಯುತ್ ಗುತ್ತಿಗೆದಾರರ ಪರವಾಗಿ ಹೊಲಗಳಿಗೆ ಕಂಬ ಮತ್ತು ಟ್ರಾನ್ಸ್‌ಫಾರ್ಮರ್ ಸಾಗಿಸುವುದು ಆತನ ಕೆಲಸ. ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಎಲ್ಲರೂ ಟಿಸಿ ಅನ್ನುತ್ತಾರೆ. ಟಿಸಿ ಸುಡುವುದು ಹೆಚ್ಚಾಗಿ ಮಳೆಗಾಲದಲ್ಲೇ, ಕರಿಮಣ್ಣಿನ ಎರೆಹೊಲಕ್ಕೆ ಗಾಡಿ ಇಳಿಯಲಾಗದಿರುವುದೂ ಮಳೆಗಾಲದಲ್ಲೇ.

ಲಾರಿಯ ಮೇಲೆ ನಾಲ್ಕು ದೊಡ್ಡ ಟೈರು, ಅವುಗಳಿಗೆಂದೇ ಮಾಡಿಸಿದ ಅಗಲವಾದ ಡಿಸ್ಕು ಹೇರಿಕೊಂಡೇ ಬಂದಿದ್ದ.

"ಮಿಸ್ತ್ರೀರ, ಹ್ವಾದ ಮಳಿಗಾಲದಾಗ ಎಷ್ಟ ಸಲ ಎರಿಯಾಗ ಸಿಕ್ಕೊಂಡೇನಿ ಅಂತ ನನಗ ಲೆಕ್ಕ ಇಲ್ಲ. ಪ್ರತಿ ಸಲ ಯಾರದರ ಟ್ರ್ಯಾಕ್ಟರ್ ಕರಕೊಂಡ ಬಂದು ಎಳಸೂದು. ಈ ಟೈರ್ ಕುಂದ್ರಸಿ ಕೊಡ್ರಿ ಸಾಕು" ಎಂದ.

ಟೈರು ಕೂರಿಸುವುದು ಒಂದು ಹೊತ್ತಿನ ಕೆಲಸ. ಆದರೆ ನಾನು ಗಾಡಿಯ ಕೆಳಗೆ ಹೋಗಿ ನೋಡಿದಾಗ ಹಿಂದಿನ ಎಡಗಾಲಿಯ ನಡುವಿನ ಹಬ್ಬಿನಿಂದ ಎಣ್ಣೆ ಒಸರುತ್ತಿತ್ತು, ಹಳೆಯ ಟೈರು ಒಳಮಗ್ಗುಲಲ್ಲಿ ಮಾತ್ರ ಸವೆದಿತ್ತು. ಹಿಂದಿನ ಎರಡು ಗಾಲಿಗಳನ್ನು ಜೋಡಿಸಿ, ಲಾರಿಯ ಭಾರವನ್ನೆಲ್ಲ ಹೊರುವ ದಪ್ಪ ಕೊಳವೆಗೆ ಹೌಸಿಂಗ್ ಎನ್ನುತ್ತೇವೆ. ಗಾಲಿ ತಿರುಗಿಸುವ ಶಾಫ್ಟು ಅದರೊಳಗೆ ಇರುತ್ತದೆ. ಆ ಹೌಸಿಂಗ್ ಆಗಲೇ ಬಾಗಿತ್ತು. ಹಳೆಯ ಟೈರಿಗೇ ಬಾಗಿದ್ದು, ಹೊಸದಕ್ಕೆ ನಿಲ್ಲುವಂತಿರಲಿಲ್ಲ. ಟೈರು ಎತ್ತರವಾದಷ್ಟೂ ಶಾಫ್ಟಿನ ಮೇಲೆ ತಿರುಚುವ ಬಲ ಹೆಚ್ಚು. ಅಗಲ ಡಿಸ್ಕು ಹಾಕಿದರೆ ಟೈರು ನಾಲ್ಕು ಬೆರಳು ಹೊರಗೆ ಹೋಗುತ್ತದೆ. ಬುತ್ತಿಗಂಟನ್ನು ಕೋಲಿನ ತುದಿಗೆ ಸರಿಸಿದರೆ ಹೆಗಲಿಗೆ ಭಾರ ಹೆಚ್ಚಾಗುತ್ತದಲ್ಲ, ಹಾಗೆ.

"ಹೌಸಿಂಗ್ ಇಳಿಸಿ, ನೆಟ್ಟಗ ಮಾಡಿಸಿ, ಕೆಳಗ ಪಟ್ಟಿ ಹಾಕಬೇಕಾಗತೈತ್ರಿ. ಹತ್ತ ದಿನ ಬೇಕು" ಎಂದೆ.

ಆತ ಮೋಡ ನೋಡಿದ. "ಹತ್ತಂದ್ರ ಹತ್ತ ಆಗ್ಲಿರಿ. ಹನ್ನೊಂದ ಬ್ಯಾಡ."

ಇಂಥ ಬದಲಾವಣೆಗೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕೇ ಎಂದು ಆತನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಎರಡು ದಿನ ಬಿಚ್ಚುವುದಕ್ಕೇ ಹೋದವು. ಗಾಲಿ, ಡ್ರಮ್ಮು, ಹಬ್ಬು, ಶಾಫ್ಟು, ನಡುವಿನ ಹಲ್ಲುಚಕ್ರಗಳ ಗಡ್ಡೆ, ಎಲ್ಲವನ್ನೂ ತೆಗೆದು ಬರಿಯ ಹೌಸಿಂಗನ್ನು ಡೀಸೆಲ್ಲಿನಲ್ಲಿ ತೊಳೆದೆ. ಮೂರನೆಯ ದಿನ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಒಬ್ಬರು ಹಿರಿಯ ಲೇಥಿನವರು ಇದ್ದಾರೆ. ನಾನು ಕೆಲಸ ಕಲಿತದ್ದು ಅವರ ಹತ್ತಿರ. ನಾನು ಅವರನ್ನು ಕಾಕಾ ಎನ್ನುತ್ತೇನೆ.

ಕಾಕಾ ಮೊದಲು ಒಂದು ಉದ್ದನೆಯ ಸರಳು ತೆಗೆದುಕೊಂಡು, ಹೌಸಿಂಗಿನ ಎರಡೂ ಬಾಯಿಗೆ ಸರಿಯಾಗಿ ಕೂರುವಂತೆ ಎರಡು ಬಿಲ್ಲೆ ಕಡೆದು ಅದಕ್ಕೆ ತೊಡಿಸಿದರು. ಹೌಸಿಂಗ್ ನೆಟ್ಟಗಿದ್ದರೆ ಈ ಸರಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯ್ದು ಕೈಯಲ್ಲೇ ತಿರುಗಬೇಕು. ನಮ್ಮದು ಅರ್ಧಕ್ಕೇ ನಿಂತಿತು. ಪ್ರೆಸ್ಸಿಗೆ ಕೊಟ್ಟು, ಒತ್ತಿ, ಅಳೆದು, ಮತ್ತೆ ಒತ್ತಿ, ಸಂಜೆಯ ಹೊತ್ತಿಗೆ ಸರಳು ಎರಡು ಬೆರಳಲ್ಲಿ ತಿರುಗುವಂತೆ ಮಾಡಿದರು.

ಹೊರಡುವಾಗ ಸೀಮೆಸುಣ್ಣದಿಂದ ಹೌಸಿಂಗಿನ ಹೊಟ್ಟೆಯ ಮೇಲೆ ಗೆರೆ ಎಳೆದು ತೋರಿಸಿದರು.

"ಪಟ್ಟಿ ಸ್ಪ್ರಿಂಗ್ ಪಾಟಾ ಕುಂದ್ರು ಜಾಗಾ ದಾಟಿ ಇಲ್ಲೀತನಾ ಬರಲಿ. ತುದಿ ಚೌಕ ಬಿಡಬ್ಯಾಡ, ಎತ್ತಿನ ನಾಲಗಿ ಹಂಗ ಸಣ್ಣ ಮಾಡಕೋತ ಹೋಗು. ಎರಡೂ ಮಗ್ಗಲ ವೆಲ್ಡ್ ಹಾಕು. ತುದಿಗೆ ಮಾತ್ರ ಅಡ್ಡ ಹಾಕಬ್ಯಾಡ."

"ತುದಿ ಬಿಟ್ರ ಸಂದಿಗೆ ಕೆಸರ ಹೊಕ್ಕೊಂತೈತಿ ಕಾಕಾ."

"ಹೊಗಲಿ, ಗ್ರೀಸ್ ತುಂಬು. ಕೆಸರ ಹೊಕ್ರ ಜಂಗ ಹಿಡೀತೈತಿ, ಅದು ಕಣ್ಣಿಗೆ ಕಾಣ್ತೈತಿ. ಅಡ್ಡ ಹಾಕಿದ್ರ ಅಲ್ಲೇ ಸೀಳತೈತಿ. ಸೀಳೂದು ಲಗೂ ಕಾಣಂಗಿಲ್ಲ."

ಹೂಂ ಎಂದು, ಅಳತೆಯ ಸರಳನ್ನೂ ಇಸಿದುಕೊಂಡು ಬಂದೆ.

ಹತ್ತು ಮಿಲಿಮೀಟರ್ ದಪ್ಪದ ತಗಡಿನಲ್ಲಿ ಪಟ್ಟಿ ಕತ್ತರಿಸಿದೆ. ಹೌಸಿಂಗಿನ ನಡುವಿನ ಹೊಟ್ಟೆಯ ಉಬ್ಬಿಗೆ ಸರಿಯಾಗಿ ಕೂರುವಂತೆ ಅದನ್ನು ಕಾಯಿಸಿ ಬಾಗಿಸುವುದಕ್ಕೆ ಒಂದಿಡೀ ದಿನ ಹಿಡಿಯಿತು. ಬೆಸುಗೆಯ ರಾಡುಗಳು ತೇವ ಹಿಡಿದರೆ ಒಳಗೊಳಗೇ ಗುಳ್ಳೆ ಬಿಡುತ್ತವೆ, ಆದ್ದರಿಂದ ಅವನ್ನು ಒಲೆಯಲ್ಲಿ ಬೆಚ್ಚಗೆ ಇಟ್ಟು ಒಂದೊಂದಾಗಿ ತೆಗೆದೆ. ಇಲ್ಲಿಯವರೆಗೆ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ.

ಮೊದಲ ಎಡವಟ್ಟು ಆದದ್ದು ಬೆಸುಗೆಯ ಓಟದಲ್ಲಿ. ಬಲಗಡೆ ಮೂರು ಇಂಚು ಹಾಕಿದರೆ ಎಡಗಡೆ ಮೂರು ಇಂಚು ಹಾಕಬೇಕು, ನಡುವೆ ತಣಿಯಲು ಬಿಡಬೇಕು. ಮೊದಲರ್ಧ ಹಾಗೇ ಮಾಡಿದೆ. ಆರನೆಯ ದಿನ ಸಂಜೆ ಮೋಡ ಕಟ್ಟಿತು, ಗುಡುಗಿತು. ನನಗೆ ಅವಸರವಾಗಿ ಉಳಿದರ್ಧವನ್ನು ಒಂದೇ ಓಟದಲ್ಲಿ ಎಳೆದುಬಿಟ್ಟೆ. ಮರುದಿನ ಕಾಕಾನ ಸರಳು ಹಾಕಿ ನೋಡಿದರೆ ಅದು ಒಳಗೆ ಹೋಗಲೇ ಇಲ್ಲ. ಕಾದ ಬೆಸುಗೆ ತಣಿಯುವಾಗ ಕುಗ್ಗುತ್ತದೆ. ಕೆಳಮಗ್ಗುಲು ಕುಗ್ಗಿ ಎರಡೂ ತುದಿಗಳನ್ನು ಕೆಳಕ್ಕೆ ಎಳೆದಿತ್ತು.

ಕಾಕಾನಿಗೆ ಫೋನ್ ಮಾಡಿದೆ. ಬೈಯಲಿಲ್ಲ. "ಕೆಳಗ ಕುಗ್ಗೈತಿ ಅಂದ್ರ ಮ್ಯಾಲೂ ಕುಗ್ಗಸು" ಎಂದರು. ಹೌಸಿಂಗಿನ ಮೇಲ್ಮಗ್ಗುಲಲ್ಲಿ ಗ್ಯಾಸಿನ ಬೆಂಕಿಯಿಂದ ನಂದಿಬಟ್ಟಲಿನ ಎಲೆಯಷ್ಟಗಲ ಒಂದೊಂದೇ ಜಾಗ ಕೆಂಪಾಗುವವರೆಗೆ ಕಾಯಿಸಿ, ತಾನಾಗಿ ತಣಿಯಲು ಬಿಟ್ಟೆ. ಪ್ರತಿ ಸಲವೂ ಸರಳು ಕೂದಲೆಳೆಯಷ್ಟು ಮುಂದೆ ಹೋಗುತ್ತಿತ್ತು. ಎರಡು ದಿನ ಇದೇ ಆಯಿತು. ಒಂಬತ್ತನೆಯ ದಿನ ಮಧ್ಯಾಹ್ನ ಸರಳು ಆಚೆ ಬಾಯಿಯಿಂದ ಹೊರಬಂದು ಕೈಯಲ್ಲೇ ತಿರುಗಿತು. ನಾನು ಅದನ್ನು ನಾಲ್ಕೈದು ಸಲ ಸುಮ್ಮನೆ ತಿರುಗಿಸಿದೆ. ಆ ಗಳಿಗೆಯ ಹುರುಪು ನನ್ನನ್ನು ಕೆಡಿಸಿತು ಎಂದು ಈಗ ಅನಿಸುತ್ತದೆ.

ಉಳಿದದ್ದು ಪಟ್ಟಿಯ ಎರಡು ತುದಿಗಳು. ನಾಲಗೆಯ ಹಾಗೆ ಸಣ್ಣ ಮಾಡಿಯೇ ಕತ್ತರಿಸಿದ್ದೆ. ಆದರೆ ಅಲ್ಲಿ ಕಾಣುವ ಕರಿ ಸಂದಿ ನೋಡಲಾಗಲಿಲ್ಲ. ಎರೆಯ ಕೆಸರು ಹೊಕ್ಕು, ಬೇಸಿಗೆಯಲ್ಲಿ ಕಲ್ಲಾಗಿ, ಮತ್ತೆ ನೆನೆದು ಉಬ್ಬಿ ಪಟ್ಟಿಯನ್ನೇ ಕಿತ್ತೀತು ಎಂದು ನನಗೆ ನಾನೇ ವಾದ ಹೂಡಿದೆ. ಹೌಸಿಂಗ್ ನೆಟ್ಟಗೆ ಮಾಡುವುದರಲ್ಲಿ ಗೆದ್ದಿದ್ದೆನಲ್ಲ, ಕಾಕಾನದು ಹಳೆಯ ಕಾಲದ ಅಂಜಿಕೆ ಎನಿಸಿತು. ಎರಡೂ ತುದಿಗೆ ಅಡ್ಡ ಬೆಸುಗೆ ಹಾಕಿ ಮುಚ್ಚಿದೆ. ಗ್ರೈಂಡರ್ ಹಿಡಿದು ನುಣುಪು ಮಾಡಿ ಕರಿ ಬಣ್ಣ ಬಳಿದೆ. ಆ ಜಾಗದಲ್ಲಿ ಬೆರಳಾಡಿಸಿದರೆ ಪಟ್ಟಿ ಎಲ್ಲಿ ಮುಗಿದು ಕೊಳವೆ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ.

ತುದಿಗೆ ಅಡ್ಡ ಹಾಕಬಾರದು ಎಂಬುದರ ಕಾರಣ ಕಾಕಾನಿಗೆ ಗೊತ್ತಿತ್ತು. ನನಗೂ ಗೊತ್ತಿರಬೇಕಾಗಿತ್ತು. ಪಟ್ಟಿ ಇರುವ ಕಡೆ ಕೊಳವೆ ಬಾಗುವುದಿಲ್ಲ, ಪಟ್ಟಿ ಮುಗಿದ ಕೂಡಲೇ ಬಾಗುತ್ತದೆ. ಗಟ್ಟಿಯದೂ ಮೆತ್ತನೆಯದೂ ಕೂಡುವ ಆ ಗೆರೆಯ ಮೇಲೆಯೇ ಎಳೆತ ಎಲ್ಲ ಬಂದು ಬೀಳುತ್ತದೆ. ನಾನು ಸರಿಯಾಗಿ ಅದೇ ಗೆರೆಯನ್ನು ಬೆಸುಗೆಯಿಂದ ಸುಟ್ಟು ಪೆಡಸು ಮಾಡಿದ್ದೆ.

ಹತ್ತನೆಯ ದಿನ ಗಾಡಿ ಎದ್ದು ನಿಂತಿತು. ಬ್ಯಾಡಗಿಯ ಹತ್ತಿರದ ಒಂದು ಹೊಲದಲ್ಲಿ, ಮೊದಲ ದೊಡ್ಡ ಮಳೆಯಾದ ಮರುದಿನ, ಖಾಲಿ ಗಾಡಿ ಇಳಿಸಿ ನೋಡಿದೆವು. ಮೊಣಕಾಲುದ್ದ ಕೆಸರಿನಲ್ಲಿ ಟೈರಿನ ಹಲ್ಲುಗಳು ಎರೆಯನ್ನು ಹೆಂಟೆಹೆಂಟೆಯಾಗಿ ಹಿಂದಕ್ಕೆ ಎಸೆಯುತ್ತ ಬದುವಿನವರೆಗೂ ಹೋಗಿ ಬಂದವು. ಇಳಿದು ಬಂದವನೇ ಆತ ನನ್ನ ಎರಡೂ ಕೈ ಹಿಡಿದುಕೊಂಡ. ಆಮೇಲೆ ಒಂದೂವರೆ ತಿಂಗಳು ಎಲ್ಲಿ ಹೋದರೂ ನನ್ನ ಹೆಸರು ಹೇಳಿದ. ಹಿರೇಕೆರೂರು ಕಡೆಯಿಂದಲೂ ಇಬ್ಬರು ಬಂದು, ಆ ಲಾರಿಗೆ ಮಾಡಿದಂಗ ನಮಗೂ ಮಾಡಿ ಕೊಡ್ರಿ ಎಂದು ಕೇಳಿದರು.

ನಡುಮಳೆಗಾಲದಲ್ಲಿ ಒಂದು ಬೆಳಗ್ಗೆ ಆತ ಗ್ರೀಸ್ ಹಾಕಿಸಲು ಬಂದ. ಹಾವೇರಿಯಲ್ಲಿ ರಿಪೇರಿಯಾದ ಟಿಸಿ ಒಂದನ್ನು ಹೇರಿಕೊಂಡು ಹೊರಟಿದ್ದ. ಯಾವುದೋ ಊರಿನ ಕುಡಿಯುವ ನೀರಿನ ಬೋರು ಐದು ದಿನದಿಂದ ನಿಂತಿತ್ತು, ಅಲ್ಲಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ನಾನು ಗೋಣಿಚೀಲ ಹಾಸಿಕೊಂಡು ಕೆಳಗೆ ಹೋದೆ. ಎಡಗಡೆ ಪಟ್ಟಿಯ ತುದಿಯಲ್ಲಿ, ಬೆಸುಗೆಯ ಅಂಚಿಗೆ ಹೊಂದಿಕೊಂಡು, ಒಂದು ಸಣ್ಣ ಕೆಂಪು ಗೆರೆ ಕಂಡಿತು. ಜಂಗಿನ ನೀರು ಇಳಿದ ಗುರುತು. ಅರಿವೆಯಿಂದ ಒರೆಸಿದೆ. ಗುರುತು ಹೋಯಿತು, ಗೆರೆ ಉಳಿಯಿತು.

ಅದನ್ನು ಪರೀಕ್ಷೆ ಮಾಡುವುದಕ್ಕೆ ಏನೂ ಬಿಚ್ಚಬೇಕಾಗಿರಲಿಲ್ಲ. ಬಣ್ಣ ಕೆರೆದು, ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣದ ಪುಡಿ ಬಳಿದರೆ, ಬಿರುಕಿದ್ದಲ್ಲಿ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಮಾಡಿ ಅದು ಬಿರುಕೇ ಎಂದು ತಿಳಿದರೆ ಗಾಡಿ ಅಲ್ಲೇ ನಿಲ್ಲಿಸಬೇಕಾಗುತ್ತಿತ್ತು. ಟಿಸಿ ಇಳಿಸಬೇಕು, ಊರಿಗೆ ಹೇಳಬೇಕು, ಹಿರೇಕೆರೂರಿನವರಿಗೂ ಹೇಳಬೇಕು. ಎಲ್ಲಕ್ಕಿಂತ ಮೊದಲು ಕಾಕಾನಿಗೆ ಹೇಳಬೇಕು.

ಆತ ಬಗ್ಗಿ ಕೇಳಿದ. "ಏನರ ಐತೇನ್ರಿ?"

"ಏನಿಲ್ರಿ. ಪೇಂಟ್ ಒಡದೈತಿ" ಎಂದೆ.

ಆತ ಹೋದ. ಆಮೇಲೆ ಹನ್ನೊಂದು ದಿನ ಫೋನ್ ನನ್ನ ಜೇಬಿನಲ್ಲೇ ಇತ್ತು. ಎರಡು ಸಲ ಆತನ ನಂಬರು ತೆಗೆದೆ. ಬಂದು ಹೋಗ್ರಿ, ಒಮ್ಮೆ ಸರಿಯಾಗಿ ನೋಡೂನು ಎಂದರೆ ಸಾಕಾಗಿತ್ತು. ಇನ್ನೊಮ್ಮೆ ಗ್ರೀಸಿಗೆ ಬಂದಾಗ ನೋಡಿದರಾಯಿತು ಎಂದು ಎರಡೂ ಸಲ ಬಿಟ್ಟೆ.

ಹನ್ನೆರಡನೆಯ ದಿನ ಕಾಗಿನೆಲೆಯ ಆಚೆ ಹೊಲದ ದಾರಿಯಲ್ಲಿ ಹೌಸಿಂಗ್ ಸೀಳಿತು. ಅಲ್ಲಿನ ಹಳ್ಳಿ ಮಾಲಕನ ತಂಗಿಯನ್ನು ಕೊಟ್ಟ ಊರು. ಸುಟ್ಟಿದ್ದು ಅವರ ಹೊಲಗಳಿಗೆ ಕರೆಂಟು ಕೊಡುವ ಟಿಸಿ, ಹಾಗಾಗಿ ತಂಗಿಯ ಗಂಡನೇ ಊರಿನಿಂದ ಗಾಡಿ ಹತ್ತಿ, ಹಿಂದೆ ಟಿಸಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ. ಎಡಗಾಲಿ ಒಳಕ್ಕೆ ಮಡಚಿಕೊಂಡಿತು, ಗಾಡಿ ವಾಲಿತು, ಟಿಸಿ ಜಾರಿ ಆ ಮನುಷ್ಯನ ಬಲಗಾಲನ್ನು ಲಾರಿಯ ಪಕ್ಕದ ಹಲಗೆಗೆ ಒತ್ತಿ ಹಿಡಿಯಿತು. ಊರವರು ಹಾರೆ ಹಾಕಿ ಎತ್ತಿ ಬಿಡಿಸುವಷ್ಟರಲ್ಲಿ ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಜೀವ ಉಳಿಯಿತು, ಕಾಲೂ ಉಳಿಯಿತು. ಆದರೆ ಒಳಗೆ ರಾಡು ಹಾಕಿದ ಆ ಕಾಲು ಮತ್ತೆ ಸರಿಯಾಗಿ ಮಡಚಲಿಲ್ಲ. ನೇಗಿಲ ಹಿಂದೆ, ಬೆಳೆಯ ಸಾಲಿನಲ್ಲಿ ನಡೆಯುವ ಕೆಲಸ ಆತನಿಗೆ ಅಲ್ಲಿಗೆ ಮುಗಿಯಿತು.

ಗಾಡಿಯನ್ನು ಎಳೆದು ನನ್ನ ಗ್ಯಾರೇಜಿಗೇ ತಂದರು. ನಾನು ಒಬ್ಬನೇ ಹೌಸಿಂಗ್ ಇಳಿಸಿದೆ. ಸೀಳಿದ ಬಾಯಿಯನ್ನು ಬೆಳಕಿಗೆ ಹಿಡಿದರೆ ಯಾವ ಮಿಸ್ತ್ರಿಯೂ ಓದಬಹುದಾಗಿತ್ತು. ಕೆಳಗಿನ ಕಾಲು ಭಾಗ ಕಪ್ಪಗೆ, ನೀರು ಹೊಕ್ಕು ಜಂಗು ಹಿಡಿದದ್ದು. ಉಳಿದದ್ದು ಬೆಳ್ಳಗೆ, ಅಂದೇ ಹರಿದದ್ದು. ಕಪ್ಪು ಶುರುವಾದದ್ದು ಅಡ್ಡ ಬೆಸುಗೆಯ ಅಂಚಿನಿಂದ.

ಮೂರು ದಿನದ ನಂತರ ಆಸ್ಪತ್ರೆಯಿಂದ ನೇರವಾಗಿ ಆತ ಬಂದ. ಗಡ್ಡ ಬೆಳೆದಿತ್ತು. ಗಾಡಿಯ ಹತ್ತಿರ ಹೋಗಲಿಲ್ಲ, ಬಾಗಿಲ ಬಳಿ ಇದ್ದ ಟೈರಿನ ಮೇಲೆ ಕುಳಿತ.

"ಮಿಸ್ತ್ರೀರ, ಟಿಸಿ ಜೋಡಿ ಎರಡ ಕಂಬ ಹಾಕ್ಕೊಂಡಿದ್ದೆ ನಾ ಅವತ್ತ. ಇನ್ನೊಂದ ಟ್ರಿಪ್ ಉಳೀತೈತಿ ಅಂತ. ಅದರಿಂದನ ಆತೇನ್ರಿ?"

ಎರಡು ಕಂಬ ಆ ಗಾಡಿಗೆ ಏನೂ ಅಲ್ಲ. ಅದು ನನಗೆ ಗೊತ್ತಿತ್ತು. ಆತ ನನ್ನ ಮುಖ ನೋಡುತ್ತಿದ್ದ, ನಾನು ಹೇಳಿದ್ದನ್ನು ನಂಬಲು ತಯಾರಾಗಿದ್ದ.

"ಆಗಿರಬೋದ್ರಿ" ಎಂದೆ.

ಆತ ತಲೆ ಆಡಿಸಿದ. "ನಮ್ಮ ತಂಗೀನೂ ಅದನ್ನ ಅಂತಾಳ."

ನಾನು ಹಳೆಯ ಹೌಸಿಂಗ್ ಒಂದನ್ನು ಹುಡುಕಿ, ಗಾಡಿಗೆ ಮೊದಲಿನ ಟೈರನ್ನೇ ಹಾಕಿ ಕೊಟ್ಟೆ. ಆತ ಅದನ್ನು ನಡೆಸಲಿಲ್ಲ, ಕೆಲವು ವಾರಗಳಲ್ಲೇ ಮಾರಿಬಿಟ್ಟ. ಹೆಚ್ಚು ಹೇರಿ ಗಾಡಿ ಮುರಿದವನು ಎಂಬ ಮಾತು ಗುತ್ತಿಗೆದಾರರ ನಡುವೆ ಹಬ್ಬಿತ್ತು. ಹಿರೇಕೆರೂರಿನವರಿಗೆ ನಾನು ಕೆಲಸ ಒಪ್ಪುವುದಿಲ್ಲ ಎಂದು ಹೇಳಿ ಕಳಿಸಿದೆ. ಕಾರಣ ಕೇಳಿದರು, ಪುರುಸೊತ್ತಿಲ್ಲ ಎಂದೆ.

ಅದಾದ ಮರುವರ್ಷ ಕಾಕಾ ಯಾವುದೋ ಜಾಗದ ತಕರಾರಿಗೆ ಹಾವೇರಿಯ ಕೋರ್ಟಿಗೆ ಬಂದವರು ಗ್ಯಾರೇಜಿಗೂ ಬಂದರು. ಹಿತ್ತಲಲ್ಲಿ ಬಿದ್ದಿದ್ದ ಸೀಳಿದ ಹೌಸಿಂಗ್ ಅವರ ಕಣ್ಣಿಗೆ ಬಿತ್ತು. ಕುಕ್ಕರಗಾಲಿನಲ್ಲಿ ಕುಳಿತು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಇದು ಒಮ್ಮಿಗೇ ಹರದದ್ದಲ್ಲ."

"ಅಲ್ಲ ಕಾಕಾ."

"ಮೊದಲ ನೋಡಿದ್ದೇನು ನೀ?"

"ಗ್ರೀಸ್ ಹಾಕೂ ಮುಂದ ನೋಡಿದ್ದೆ."

ಅಡ್ಡ ಬೆಸುಗೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. "ನನ್ನ ಕೈಯಾಗೂ ಕೆಲಸ ಕೆಟ್ಟಾವು" ಎಂದರು. "ಗಾಡಿ ಮಾಲಕಗ ಗೊತ್ತೈತೇನು ಇದು?"

"ಇಲ್ಲ."

ಅವರು ಎದ್ದು ಧೋತರ ಝಾಡಿಸಿಕೊಂಡರು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ನಾನು ಬಿಡಲು ಹೋದರೆ ಬೇಡ ಎಂದರು.

ಅಷ್ಟಾದ ಮೇಲೂ ನಾನು ಕೂಡಲೇ ಹೋಗಲಿಲ್ಲ. ಇನ್ನೂ ಐದಾರು ತಿಂಗಳು ದಾಟಿಸಿದೆ. ಇದನ್ನು ಬರೆಯುವಾಗ ಉಳಿದ ಯಾವ ತಪ್ಪಿಗಿಂತಲೂ ಇದಕ್ಕೇ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಮೆಣಸಿನಕಾಯಿಯ ಸುಗ್ಗಿ ಜೋರಾಗಿದ್ದಾಗ ಕೊನೆಗೆ ಬ್ಯಾಡಗಿಗೆ ಹೋದೆ. ಆತ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಗೇಟಿನ ಹತ್ತಿರ ಕುಳಿತು ಒಳಬರುವ ಗಾಡಿಗಳ ನಂಬರು ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದ. ಗಾಳಿಯಲ್ಲಿ ಕಾಯಿಯ ಘಾಟು. ನನ್ನನ್ನು ಕಂಡು ಖುಷಿಯಾಗಿ ಎದ್ದ. ಪಕ್ಕದವನಿಗೆ "ಇವ್ರ ನೋಡಪಾ ನಾ ಹೇಳತಿದ್ದ ಮಿಸ್ತ್ರೀರು" ಎಂದ. ಆತನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಕಾಕಾ ಬೇಡ ಎಂದದ್ದು, ನಾನು ಅಡ್ಡ ಬೆಸುಗೆ ಹಾಕಿದ್ದು, ಗೆರೆ ಕಂಡದ್ದು, ಪೇಂಟು ಎಂದದ್ದು. ಎರಡು ಕಂಬದಿಂದ ಏನೂ ಆಗಿರಲಿಲ್ಲ ಎಂದು.

ಆತ ಹೊರಗೆ ಸಾಲು ನಿಂತ ಗಾಡಿಗಳ ಕಡೆ ತಿರುಗಿದ.

"ಅವತ್ತ ಕೇಳಿದ್ನಲ್ರಿ ನಾ ನಿಮಗ" ಎಂದ.

"ಕೇಳಿದ್ರಿ."

"ನನಗ ಹೇಳಿದ್ದು ಆತು. ನನ್ನ ತಂಗಿ ಮುಂದ ಹೇಳ್ರಿ. ನಾ ಹೇಳಿದ್ರ ಆಕಿ ನಂಬಂಗಿಲ್ಲ, ತನ್ನ ತಪ್ಪ ಬ್ಯಾರೇದವರ ಮ್ಯಾಲ ಹಾಕಾಕತ್ತಾನ ಅಂತಾಳ."

ಕೆಲಸಕ್ಕೆ ರಜೆ ಹೇಳಿ ಬಂದ. ಇಬ್ಬರೂ ಕಾಗಿನೆಲೆಯ ಬಸ್ಸು ಹತ್ತಿದೆವು. ಬಸ್ಸಿಳಿದು ಒಂದು ಹರದಾರಿಯಷ್ಟು ನಡೆಯಬೇಕಾಗಿತ್ತು, ಆತ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಮನೆಯ ಮುಂದೆ ಬಂದಾಗ ಒಳಗೆ ಹೋಗದೆ ಕಟ್ಟೆಯ ಕೆಳಗೇ ನಿಂತ.

ತಂಗಿಯ ಗಂಡ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕುಳಿತು ಹಗ್ಗ ಹೊಸೆಯುತ್ತಿದ್ದ. ಆಕೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು, ಕೈಗೆ ಜೋಳದ ಹಿಟ್ಟು ಹತ್ತಿತ್ತು. ಅಣ್ಣನ ಕಡೆ ನೋಡಲಿಲ್ಲ. ನಾನು ಯಾರೆಂದು ಹೇಳಿ, ಬ್ಯಾಡಗಿಯಲ್ಲಿ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳಿದೆ.

ಮುಗಿದ ಮೇಲೆ ತಂಗಿಯ ಗಂಡ ಕೇಳಿದ. "ನೀವು ನೋಡಿದಾಗ ಎಷ್ಟುದ್ದ ಇತ್ರಿ ಅದು?"

ಉಗುರಿನ ಮೇಲೆ ಅಳೆದು ತೋರಿಸಿದೆ. ಆತ ಅದನ್ನು ನೋಡಿದ, ಮತ್ತೆ ಹಗ್ಗದ ಕಡೆ ತಿರುಗಿದ. ಹೊಸೆಯಲಿಲ್ಲ, ಸುಮ್ಮನೆ ಹಿಡಿದುಕೊಂಡ.

"ಲೋಖಂಡ ಅಂದ ಮ್ಯಾಲ ಸೀಳತೈತ್ರಿ. ಮನಶಾ ಅಂದ ಮ್ಯಾಲ ತಪ್ಪತಾನ. ಈ ಕಾಲಿನ ಮಾತ ನಾ ಬಿಟ್ಟೇನಿ" ಎಂದ. "ಆದ್ರ ಇಷ್ಟ ದಿನ ನೀವು ಹೆಂಗ ಸುಮ್ಮ ಕುಂತ್ರಿ?"

ನಾನು ಅಳೆದು ತೋರಿಸಿದ ಬೆರಳನ್ನು ಮಡಚಿಕೊಂಡೆ.

ಆಕೆ ನನಗೆ ಹೇಳಿದಳು, ದನಿ ಎತ್ತದೆ. "ನಾಗರ ಪಂಚಮಿಗೆ ತವರಮನಿಗೆ ಎರಡ ಸಲ ಕರಿಯಾಕ ಬಂದಿದ್ದ ಅಂವ. ಎರಡ ಸಲಾನೂ ಬಾಗಲಾಗಿಂದನ ಹೊಳ್ಳಿ ಕಳಿಸೇನಿ. ಆಶೆಕ್ಕ ಬಿದ್ದು ನನ್ನ ಗಂಡನ ಕಾಲ ಮುರದಿ ಅಂತ ಓಣಿ ಮಂದಿ ಮುಂದ ಅಂದೇನಿ. ಆ ಮಾತ ನಾ ಈಗ ಹೆಂಗ ಹೊಳ್ಳಿ ತಗೊಳ್ಳಲಿರಿ?"

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಒಂದು ತಂಬಿಗೆ ನೀರು ತಂದು ಕಟ್ಟೆಯ ಅಂಚಿಗೆ ಇಟ್ಟಳು.

"ಅಣ್ಣಾ, ಕಾಲ ತೊಳಕೊಂಡ ಬಾ. ರೊಟ್ಟಿ ಬಿಸಿ ಅದಾವು."

ಆತ ತಂಬಿಗೆ ಎತ್ತಿಕೊಂಡ. ಬಗ್ಗಿ ಕಾಲು ತೊಳೆಯತೊಡಗಿದ. ಆಕೆ ನನ್ನನ್ನು ಕರೆಯಲಿಲ್ಲ, ಕರೆಯುತ್ತಾಳೆ ಎಂದು ನಾನೂ ಕಾಯಲಿಲ್ಲ. ಮೆಟ್ಟಿಲಿಳಿದು ಆತನನ್ನು ದಾಟುವಾಗ ಆತ ತಲೆ ಎತ್ತದೆ ಹೇಳಿದ.

"ಲಗೂ ನಡೀರಿ ಮಿಸ್ತ್ರೀರ. ನಾಕರ ಬಸ್ ತಪ್ಪಿದ್ರ ಮುಂದಿಂದು ತಡಾ ಐತಿ."

ಒಬ್ಬನೇ ನಡೆದೆ. ಬಸ್ಸು ಸಿಕ್ಕಿತು.